ಜಗಳ ಆಗಿಲ್ಲ, ಮಾತೂ ಇಲ್ಲ: ಅಣ್ಣ, ತಂಗಿಯರ ನಡುವಿನ ಈ ದೂರಕ್ಕೆ ಏನು ಮಾಡೋದು?

ಪ್ರಶ್ನೆ: ನನಗೆ 47 ವರ್ಷ. ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ಹುಟ್ಟಿ ಬೆಳೆದದ್ದು ಸಾಗರದ ಕಡೆಯ ಒಂದು ಹಳ್ಳಿಯ ಅಡಿಕೆ ತೋಟದ ಮನೆಯಲ್ಲಿ. ಅಣ್ಣ ಮೂರು ವರ್ಷ ದೊಡ್ಡವನು, ತಂಗಿ ಎಂಟು ವರ್ಷ ಚಿಕ್ಕವಳು. ಮೂವರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಅಣ್ಣ ಹೇಳುತ್ತಿದ್ದ ದೆವ್ವದ ಕಥೆಗಳು ಇವತ್ತಿಗೂ ನೆನಪಿವೆ. ಅವನು ಪಿಯುಸಿಗೆ ಓದು ಬಿಟ್ಟು ಅಪ್ಪನ ಜೊತೆ ತೋಟಕ್ಕೆ ಇಳಿದ. ನಾವಿಬ್ಬರು ಓದಿ ಹೊರಗೆ ಬಂದೆವು. ತಂಗಿ ಈಗ ಟೆಕ್ಸಾಸ್‌ನಲ್ಲಿದ್ದಾಳೆ. ಅಪ್ಪ ಹೋಗಿ ಮೂರು ವರ್ಷ ಆಯಿತು. ಅಮ್ಮ ಅಣ್ಣನ ಜೊತೆ ಇದ್ದಾರೆ, ವಯಸ್ಸು 76.

ನಮ್ಮ ನಡುವೆ ಯಾವತ್ತೂ ಜಗಳ ಆಗಿಲ್ಲ. ಆದರೆ ಮಾತೂ ಇಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬದ ದಿನ ದೇವರ ಚಿತ್ರ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಅಷ್ಟೇ. ಹೋದ ವರ್ಷ ಅಣ್ಣನೇ ಫೋನ್ ಮಾಡಿದ. ಖುಷಿಯಿಂದ ಎತ್ತಿದರೆ, ‘ಹಕ್ಕು ಬಿಡುಗಡೆ ಪತ್ರಕ್ಕೆ ನಿನ್ನದೊಂದು ಸಹಿ ಬೇಕಿತ್ತು’ ಅಂದ. ‘ನೋಡೋಣ’ ಅಂದೆ. ಆಮೇಲೆ ಅವನು ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಬಾಗಿನದ ದುಡ್ಡು ಫೋನ್‌ಪೇಯಲ್ಲಿ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಸುಮ್ನೆ ಹೇಳಿದ್ದಾರಾ?’ ಅಂತಾರೆ ನನ್ನ ಗಂಡ. ಅತ್ತಿಗೆ ಬಂದ ಮೇಲೆ ಅಣ್ಣ ಬದಲಾದ ಅನ್ನುವುದು ಅಮ್ಮನ ಅಭಿಪ್ರಾಯ. ಸಹಿ ಹಾಕಿಬಿಟ್ಟರೆ ನಾವು ಮೊದಲಿನಂತೆ ಆಗುತ್ತೇವಾ? ಅಮ್ಮ ಹೋದ ಮೇಲೆ ನಾವು ಮೂವರೂ ಯಾರೋ ಏನೋ ಆಗಿಬಿಡುತ್ತೇವಾ? ನನಗೂ ಇಬ್ಬರು ಮಕ್ಕಳು. ಅವರೂ ಹೀಗೇ ಆಗುತ್ತಾರೇನೋ ಅಂತ ಭಯ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಸೇರಿಕೊಂಡಿವೆ. ಒಂದು, ಮೂವರು ದೂರವಾಗಿದ್ದೀರಿ. ಇನ್ನೊಂದು, ಒಂದು ಸಹಿ ಬಾಕಿ ಇದೆ. ಎರಡನ್ನೂ ಒಂದೇ ಅಂದುಕೊಂಡಿರುವುದರಿಂದ ನಿಮಗೆ ದಾರಿ ಕಾಣುತ್ತಿಲ್ಲ. ಕುಟುಂಬ ಆಪ್ತಸಮಾಲೋಚನೆಗೆ ಬರುವ ಮಲೆನಾಡಿನ, ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಇದೇ ಗಂಟನ್ನು ನೋಡಿದ್ದೇನೆ. ಮೊದಲು ದೂರದ ವಿಷಯ, ಆಮೇಲೆ ಸಹಿ.

ನಡುವಯಸ್ಸಿನಲ್ಲಿ ಒಡಹುಟ್ಟಿದವರ ಒಡನಾಟ ತೆಳುವಾಗುವುದು ತುಂಬಾ ಸಾಮಾನ್ಯ. ವಿಕ್ಟೋರಿಯಾ ಬೆಡ್‌ಫರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಈ ಸಂಬಂಧದ ಆಕಾರವನ್ನು ಮರಳು ಗಡಿಯಾರಕ್ಕೆ ಹೋಲಿಸಿದ್ದಾರೆ. ಮೇಲೆ ಅಗಲ, ನಡುವೆ ಸಣ್ಣ, ಕೆಳಗೆ ಮತ್ತೆ ಅಗಲ. ಬಾಲ್ಯದಲ್ಲಿ ಹತ್ತಿರ ಇರುತ್ತಾರೆ. ಮದುವೆ, ಮಕ್ಕಳು, ಸಾಲ, ಕೆಲಸ ಅಂತ ಓಡಾಡುವ ವರ್ಷಗಳಲ್ಲಿ ದೂರವಾಗುತ್ತಾರೆ. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹತ್ತಿರ ಬರುತ್ತಾರೆ. ಎಲ್ಲರೂ ಹಾಗೇ ಹತ್ತಿರ ಬರುತ್ತಾರೆ ಅಂತ ಭರವಸೆ ಕೊಡಲು ನನ್ನಿಂದ ಆಗದು. ಆದರೆ 47ರಲ್ಲಿ ನೀವು ನಿಂತಿರುವುದು ಆ ಸಣ್ಣ ಜಾಗದಲ್ಲಿ. ಅದನ್ನೇ ಸಂಬಂಧದ ಕೊನೆ ಅಂದುಕೊಳ್ಳಬೇಡಿ.

ಈಗ ನಿಮ್ಮ ಯಜಮಾನರು ಹೇಳಿದ ಗಾದೆ. ಅದು ಒಟ್ಟು ಕುಟುಂಬ, ಒಟ್ಟು ಜಮೀನು ಇದ್ದ ಕಾಲದ ಮಾತು. ಪಾಲಾದ ಮನೆಗಳಲ್ಲಿ ಜನ ಕಂಡದ್ದನ್ನು ಹೇಳುತ್ತದೆ, ಹಾಗಾಗಿ ಸುಳ್ಳಲ್ಲ. ಆದರೆ ಆಸ್ತಿಯೇ ಎಲ್ಲದಕ್ಕೂ ಕಾರಣ ಅನ್ನುವ ನಂಬಿಕೆಯನ್ನೂ ಅದು ತಲೆಯಲ್ಲಿ ಕೂರಿಸುತ್ತದೆ. ನಿಮ್ಮ ಮನೆಯಲ್ಲಿ ಸಹಿಯ ಮಾತು ಬಂದದ್ದು ಹೋದ ವರ್ಷ. ಮಾತು ಕಡಿಮೆಯಾದದ್ದು ಅದಕ್ಕಿಂತ ಎಷ್ಟೋ ಮುಂಚೆ ಅಲ್ವಾ?

ಒಂದು ವಿಷಯ ಯೋಚಿಸಿ. ಚಿಕ್ಕಂದಿನಲ್ಲಿ ನೀವು ಮೂವರು ಹತ್ತಿರ ಇರಲು ಏನಾದರೂ ಮಾಡಿದ್ದಿರಾ? ಏನೂ ಇಲ್ಲ. ಒಂದೇ ಬಚ್ಚಲು, ಒಂದೇ ಹಾಸಿಗೆ, ಒಂದೇ ಅಡಿಕೆ ರಾಶಿ. ಸಂಜೆ ಜಗಳವಾಡಿದರೂ ರಾತ್ರಿ ಪಕ್ಕದಲ್ಲೇ ಮಲಗಬೇಕಿತ್ತು. ಆ ಹತ್ತಿರತನವನ್ನು ಮನೆಯೇ ಮಾಡಿಕೊಟ್ಟಿತ್ತು. ಮನೆ ಬಿಟ್ಟ ಮೇಲೆ ಆ ಕೆಲಸ ಅಮ್ಮನ ಪಾಲಿಗೆ ಬಂತು. ‘ಅಣ್ಣನಿಗೆ ಹುಷಾರಿಲ್ಲ, ಒಂದು ಫೋನ್ ಮಾಡು’ ಅಂದವರು ಅವರು. ತಂಗಿಯ ಸುದ್ದಿ ನಿಮಗೆ ಮುಟ್ಟಿಸಿದವರೂ ಅವರೇ. ಅಮ್ಮನಿಗೆ ವಯಸ್ಸಾಗಿ ಅದು ನಿಧಾನವಾಗಿದೆ. ನಿಮ್ಮ ಮೂವರಲ್ಲಿ ಯಾರೂ ಅದನ್ನು ಕೈಗೆತ್ತಿಕೊಂಡಿಲ್ಲ. ಇದರಲ್ಲಿ ಯಾರದೂ ದುಷ್ಟತನವಿಲ್ಲ.

ಅದಕ್ಕೇ ಅತ್ತಿಗೆಯ ಮೇಲಿನ ಆರೋಪವನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ನೆಂಟಸ್ತಿಕೆ ನಡೆಸುವುದು ಹೆಂಗಸರ ಕೆಲಸ. ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಸೀರೆ ಕೊಡಬೇಕು ಎಂದು ನೆನಪಿಟ್ಟುಕೊಳ್ಳಲು ಗಂಡುಮಕ್ಕಳಿಗೆ ಯಾರೂ ಕಲಿಸುವುದೇ ಇಲ್ಲ. ಮದುವೆಗೆ ಮುಂಚೆ ಅಣ್ಣನ ಪರವಾಗಿ ಅದನ್ನು ಅಮ್ಮ ಮಾಡಿದರು. ಮದುವೆಯಾದ ಮೇಲೆ ಅತ್ತಿಗೆ ಮಾಡಬೇಕು ಅಂತ ಎಲ್ಲರೂ ಕಾದರು. ಅವರು ಮಾಡದಿದ್ದಾಗ ‘ಅಣ್ಣನನ್ನು ಬದಲಾಯಿಸಿದಳು’ ಅನಿಸಿತು. ಇನ್ನೊಂದನ್ನೂ ನೋಡಿ. ಹಬ್ಬಕ್ಕೆ ನೀವು ತವರಿಗೆ ಬರುವ ದಿನವೇ ಅತ್ತಿಗೆಯೂ ತಮ್ಮ ತವರಿಗೆ ಹೋಗಬೇಕಾದ ದಿನ. ನಿಮಗೆ ಅಡುಗೆ ಮಾಡಿ ಬಡಿಸಲು ಎಷ್ಟು ವರ್ಷ ಅವರು ಹೋಗದೆ ಉಳಿದಿರಬಹುದು? ನಿಮ್ಮ ಅತ್ತಿಗೆಯ ಸ್ವಭಾವ ನನಗೆ ಗೊತ್ತಿಲ್ಲ. ಇದನ್ನು ಅವರನ್ನು ಸಮರ್ಥಿಸಲು ಹೇಳುತ್ತಿಲ್ಲ. ಅಣ್ಣ ಮಾಡದ ಫೋನಿಗೆ ಅತ್ತಿಗೆಯನ್ನು ಹೊಣೆ ಮಾಡಿದರೆ ಅಣ್ಣನ ಜೊತೆ ನೇರವಾಗಿ ಮಾತಾಡುವ ಅವಕಾಶ ನಿಮ್ಮ ಕೈ ತಪ್ಪುತ್ತದೆ.

ಒಂದೇ ಮನೆಯಲ್ಲಿ ಬೆಳೆದೆವು, ಆದರೂ ಯಾಕೆ ಹೀಗೆ ಅಂತ ಬಹಳ ಜನ ಕೇಳುತ್ತಾರೆ. ರಾಬರ್ಟ್ ಪ್ಲೋಮಿನ್ ಮತ್ತು ಡೆನಿಸ್ ಡೇನಿಯಲ್ಸ್ ಎಂಬ ಸಂಶೋಧಕರು ಒಂದೇ ಮನೆಯ ಮಕ್ಕಳು ಯಾಕಿಷ್ಟು ಬೇರೆ ಬೇರೆ ಎಂಬ ಪ್ರಶ್ನೆಯನ್ನೇ ಹಿಡಿದು 1987ರಲ್ಲಿ ಬರೆದರು. ಒಂದೇ ಸೂರಿನ ಕೆಳಗಿದ್ದರೂ ಪ್ರತಿ ಮಗುವಿನ ಅನುಭವ ಬೇರೆ ಎಂಬುದು ಅವರ ವಾದದ ತಿರುಳು. ನಿಮ್ಮ ಮನೆಯನ್ನೇ ನೋಡಿ. ಅಣ್ಣ ಕಂಡ ಅಪ್ಪ, ಮಗನನ್ನು ಓದು ಬಿಡಿಸಿ ತೋಟಕ್ಕೆ ಕರೆದ ಅಪ್ಪ. ನೀವು ಕಂಡ ಅಪ್ಪ, ಮಗಳನ್ನು ಓದಿಸಿದ ಅಪ್ಪ. ತಂಗಿ ಹೈಸ್ಕೂಲು ಮುಗಿಸುವ ಹೊತ್ತಿಗೆ ನೀವು ಮನೆಯಲ್ಲೇ ಇರಲಿಲ್ಲ. ‘ನಮ್ಮ ಬಾಲ್ಯ’ ಅಂತ ನೀವು ಹೇಳುವಾಗ ಅದರಲ್ಲಿ ಅವಳ ಪಾಲು ಎಷ್ಟು ಅಂತ ಅವಳನ್ನೇ ಕೇಳಿ. ಉತ್ತರ ಕೇಳಿ ನಿಮಗೆ ಆಶ್ಚರ್ಯ ಆಗಬಹುದು.

ಅಣ್ಣ ಪಿಯುಸಿಗೆ ಓದು ಬಿಟ್ಟ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಊರಲ್ಲಿ ಉಳಿದ ಗಂಡುಮಕ್ಕಳ ಜೊತೆ ಮಾತಾಡುವಾಗ ಪದೇ ಪದೇ ಕೇಳಿಬರುವ ಮಾತು, ‘ಅವರು ಓದಿದರು, ನಾನು ಉಳಿದೆ’ ಎಂಬುದು. ಅದನ್ನು ಅವರು ಅಕ್ಕತಂಗಿಯರ ಮುಂದೆ ಹೇಳುವುದಿಲ್ಲ. ತಮ್ಮೊಳಗೆ ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಓಡಾಡಿದ್ದು, ಅಮ್ಮನ ಮಾತ್ರೆ, ಕೊಳೆ ರೋಗಕ್ಕೆ ಅರ್ಧ ಫಸಲು ಹೋದ ವರ್ಷ, ಈಗ ಎಲೆಚುಕ್ಕೆ ರೋಗಕ್ಕೆ ಮದ್ದು ಹೊಡೆಸಲು ಆಳು ಸಿಗದ ಒದ್ದಾಟ. ನಿಮ್ಮೊಳಗೂ ಒಂದು ಲೆಕ್ಕ ಇದೆ. ಮದುವೆಗೆ ಏನು ಕೊಟ್ಟರು, ಬಾಣಂತನಕ್ಕೆ ಎಷ್ಟು ದಿನ ಇಟ್ಟುಕೊಂಡರು, ಬಾಗಿನದ ಜೊತೆ ಒಂದು ಮಾತೂ ಯಾಕೆ ಬರಲಿಲ್ಲ. ಜಿಲ್ ಸೂಟರ್ ಎಂಬ ಸಮಾಜಶಾಸ್ತ್ರಜ್ಞೆ ಮತ್ತು ಸಂಗಡಿಗರು ಅಮೆರಿಕದ ಕುಟುಂಬಗಳಲ್ಲಿ ಮಾಡಿದ ಅಧ್ಯಯನದಲ್ಲಿ, ಅಮ್ಮ ಒಬ್ಬರನ್ನು ಹೆಚ್ಚು ಹಚ್ಚಿಕೊಂಡಿದ್ದಳು ಅನ್ನುವ ಭಾವನೆ ಇದ್ದ ಕಡೆ ನಡುವಯಸ್ಸಿನಲ್ಲೂ ಮಕ್ಕಳ ನಡುವಿನ ಸಲಿಗೆ ಕಡಿಮೆ ಇದ್ದದ್ದು ಕಂಡುಬಂತು. ದೇಶ ಬೇರೆ, ಆದರೆ ನಮ್ಮಲ್ಲೂ ನಾನು ಅದನ್ನೇ ಕಾಣುತ್ತೇನೆ.

ಇನ್ನು ಸಹಿಯ ವಿಷಯ. ನಾನು ವಕೀಲೆ ಅಲ್ಲ. ಆದರೆ ಎಷ್ಟೋ ಮನೆಗಳ ಮನಸ್ತಾಪ ಇಲ್ಲಿಗೇ ಬಂದು ನಿಲ್ಲುವುದರಿಂದ ಮೂಲ ವಿಷಯಗಳು ಗೊತ್ತಿರಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು. ಆದರೆ ಆಗಲೇ ಮದುವೆಯಾಗಿದ್ದವರು ಅದರಲ್ಲಿ ಸೇರಿರಲಿಲ್ಲ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಮದುವೆಯಾಗಿರಲಿ, ಬಿಡಲಿ, ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಬಂದ ಹಕ್ಕು ಇದೆ ಎಂದಾಯಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ತಂದೆ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಯ ಲೆಕ್ಕ ಬೇರೆ. ವಿಲ್ ಬರೆಯದೆ ಹೋಗಿದ್ದರೆ ಅದು ಹೆಂಡತಿ ಮತ್ತು ಮಕ್ಕಳಿಗೆ ಸಮನಾಗಿ ಬರುತ್ತದೆ. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಅಂದರೆ ನಿಮ್ಮ ಅಮ್ಮನಿಗೂ ಪಾಲಿದೆ. ಈ ಮಾತುಕತೆಯಲ್ಲಿ ಅದನ್ನೇ ಎಲ್ಲರೂ ಮರೆಯುತ್ತಾರೆ.

ಹಾಗಂತ ಅಣ್ಣ ಸಹಿ ಕೇಳಿದ್ದು ದುರಾಸೆಯಿಂದಲೇ ಅಂದುಕೊಳ್ಳಬೇಡಿ. ಪಹಣಿ ಇನ್ನೂ ಅಪ್ಪನ ಹೆಸರಲ್ಲಿದ್ದರೆ ಸೊಸೈಟಿಯಲ್ಲಿ ಬೆಳೆಸಾಲಕ್ಕೆ ತೊಡಕು, ಬೆಳೆ ವಿಮೆಗೂ ತೊಡಕು. ಹೋದ ಸಲ ಏನು ಕಾರಣಕ್ಕೆ ಬೇಕಿತ್ತು ಅಂತ ನೀವು ಕೇಳಿದ್ದಿರಾ? ಪತ್ರದಲ್ಲಿ ಆ ವಿವರ ಇಲ್ಲ. ಸಾಲಕ್ಕಾಗಿ ಮಾತ್ರ ಆದರೆ ಹಕ್ಕು ಬಿಡದೆಯೂ ದಾರಿ ಇದೆ. ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ಖಾತೆ ಬದಲಾವಣೆ, ಮಾಡಿಸಬಹುದು. ತೊಡಕೆಂದರೆ, ಆಮೇಲೆ ಸಾಲ ಎತ್ತುವಾಗಲೆಲ್ಲ ಸಾಮಾನ್ಯವಾಗಿ ಎಲ್ಲರ ಒಪ್ಪಿಗೆ ಕೇಳುತ್ತಾರೆ. ಟೆಕ್ಸಾಸ್‌ನಿಂದ ಒಪ್ಪಿಗೆ ತರಿಸುವುದು ಅಣ್ಣನಿಗೆ ಪ್ರತಿ ಸಲ ತಲೆನೋವು. ಖಾತೆ ಒಬ್ಬರ ಹೆಸರಿಗೆ ಬದಲಾದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ. ಆದರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಅದನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಮೋಸವೋ ಬಲವಂತವೋ ಆಗಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಇವೆರಡರ ನಡುವೆ ವಿಭಾಗ ಪತ್ರದ ದಾರಿಯೂ ಇದೆ. ತೋಟ ಅಣ್ಣನಿಗೆ, ಬದಲಿಗೆ ಹಣವೋ ಒಂದು ಸೈಟೋ ನಿಮಗೆ ಅಂತ ಮಾತಾಡಿಕೊಳ್ಳಬಹುದು. ಅಮ್ಮನ ಹೆಸರಲ್ಲಿ ಅವರ ಪಾಲು ಅವರು ಇರುವ ತನಕ ಉಳಿಯಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸಹಿ ಹಾಕಿದರೆ ಮೊದಲಿನಂತೆ ಆಗುತ್ತೇವಾ ಅಂತ ಕೇಳಿದ್ದೀರಿ. ಇಲ್ಲ. ಅಣ್ಣ ದುಡಿದ ತೋಟ, ಅವನಿಗೇ ಇರಲಿ ಅಂತ ಮನಸಾರೆ ಅನಿಸಿದರೆ ಸಹಿ ಹಾಕಿ. ಅದು ದೊಡ್ಡ ಮಾತು. ಹಾಗೆ ಮಾಡಿ ನೆಮ್ಮದಿಯಾಗಿರುವ ಅಕ್ಕತಂಗಿಯರು ಬೇಕಾದಷ್ಟಿದ್ದಾರೆ. ಆದರೆ ಅಣ್ಣ ಮತ್ತೆ ಫೋನ್ ಮಾಡಲಿ ಅನ್ನುವ ಆಸೆಗೆ ಹಾಕಬೇಡಿ. ಅವನು ಆಮೇಲೂ ಫೋನ್ ಮಾಡದೆ ಇರಬಹುದು. ಅವನಿಗೆ ಫೋನ್ ಮಾಡುವ ಅಭ್ಯಾಸವೇ ಇಲ್ಲ. ಆಗ ಪಾಲೂ ಹೋಯಿತು, ಅಣ್ಣನೂ ಇಲ್ಲ ಎಂಬ ಸಂಕಟ ನಿಮ್ಮನ್ನು ತಿನ್ನುತ್ತದೆ. ನನ್ನ ಬಳಿ ಬಂದ ಒಬ್ಬ ಹೆಣ್ಣುಮಗಳು ಮದುವೆ ಮನೆಯ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಿದ್ದರು. ಅಣ್ಣನಿಗೆ ಸಿಕ್ಕಿದ ಜಮೀನಿನ ಬಗ್ಗೆ ಅವರಿಗೆ ಬೇಸರ ಇರಲಿಲ್ಲ. ‘ನನ್ನನ್ನು ಕೂರಿಸಿ ಕೇಳಲಿಲ್ಲ’ ಅನ್ನುವುದನ್ನು ಮಾತ್ರ ಮರೆಯಲು ಆಗಲಿಲ್ಲ.

ಹಾಗಾಗಿ ಎರಡನ್ನೂ ಬೇರೆ ಮಾಡಿ. ಕಾಗದದ ವಿಷಯವನ್ನು ಬಾಯಿಬಿಟ್ಟು ಹೇಳಿಬಿಡಿ. ‘ಅಣ್ಣಾ, ಹೋದ ವರ್ಷ ನೋಡೋಣ ಅಂದು ಸುಮ್ಮನಾದೆ. ನಿನಗೆ ಯಾವುದಕ್ಕೆ ಬೇಕು ಅಂತ ಹೇಳು. ಪಹಣಿ, ವಂಶವೃಕ್ಷ ಕಳಿಸು, ಒಬ್ಬ ವಕೀಲರಿಗೆ ತೋರಿಸಿ ದೀಪಾವಳಿ ಒಳಗೆ ಹೇಳುತ್ತೇನೆ.’ ಇಷ್ಟು ಸಾಕು. ನಿಮ್ಮ ಆ ‘ನೋಡೋಣ’ ಅಣ್ಣನ ಕಿವಿಗೆ ಹೇಗೆ ಕೇಳಿಸಿರಬಹುದು ಯೋಚಿಸಿ. ಅವನಿಗೆ ಅದು ‘ನಿನ್ನನ್ನು ನಂಬುವುದಿಲ್ಲ’ ಅಂತ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಇಲ್ಲೂ ಒಂದು ಅಪಾಯ ಇದೆ. ವಕೀಲರ ಹೆಸರು ಎತ್ತಿದ ಕೂಡಲೇ ಹಳ್ಳಿಯ ಮನೆಯಲ್ಲಿ ‘ಕೇಸು ಹಾಕ್ತಾಳಂತೆ’ ಅಂತ ಸುದ್ದಿ ಹಬ್ಬುತ್ತದೆ. ಅದಕ್ಕೇ ಇದನ್ನು ಗ್ರೂಪಿನಲ್ಲಿ ಬರೆಯಬೇಡಿ, ಅಮ್ಮನ ಮೂಲಕ ಹೇಳಿಸಬೇಡಿ. ನೀವೇ ಅಣ್ಣನಿಗೆ ಹೇಳಿ. ದುಡ್ಡಿನ ಚಿಂತೆ ಇದ್ದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಾತು ಕೂಡಿಬರದಿದ್ದರೆ ದಾವೆ ಹೂಡುವ ಮುಂಚೆಯೇ ಅವರ ಮೂಲಕ ರಾಜಿ ಮಾತುಕತೆಗೂ ಕೂರಬಹುದು. ಸೋದರಮಾವನಂಥ ಹಿರಿಯರನ್ನು ಕೂರಿಸಿಕೊಳ್ಳುವುದು ಹಳೆಯ ದಾರಿ. ಇಬ್ಬರೂ ಒಪ್ಪುವ ಮಾವ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ದೂರವನ್ನು ಕಡಿಮೆ ಮಾಡಲು ಏನು ಮಾಡಬಹುದು? ‘ಕೂತು ಮನಸ್ಸು ಬಿಚ್ಚಿ ಮಾತಾಡೋಣ’ ಅಂತ ಶುರು ಮಾಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ವರ್ಷಗಟ್ಟಲೆ ಮಾತಿಲ್ಲದವರು ಏಕಾಏಕಿ ಮನಸ್ಸು ಬಿಚ್ಚಿದರೆ ಹಳೆಯ ಲೆಕ್ಕಗಳೇ ಹೊರಬರುತ್ತವೆ. ಅದರಲ್ಲೂ ತಿಥಿಯ ದಿನ, ಮದುವೆ ಮನೆಯಲ್ಲಿ ಬೇಡವೇ ಬೇಡ. ನಿದ್ದೆಗೆಟ್ಟು, ಕೆಲಸದಲ್ಲಿ ಸುಸ್ತಾಗಿ, ನೆಂಟರ ಮುಂದೆ ಮಾತು ಎತ್ತರಿಸಿದರೆ ಅದನ್ನು ಆಮೇಲೆ ಸರಿ ಮಾಡುವುದು ಬಲು ಕಷ್ಟ.

ನಾನು ಹೇಳುವುದು, ಕೆಲಸದಿಂದ ಶುರು ಮಾಡಿ. ನೀವು ಮೂವರು ಹತ್ತಿರ ಇದ್ದದ್ದು ಒಟ್ಟಿಗೆ ಕೆಲಸ ಮಾಡುತ್ತಿದ್ದಾಗ. ದಸರಾ ರಜೆಯಲ್ಲಿ ಊರಿಗೆ ಹೋಗಿ. ಯಾವ ಸಮಾರಂಭವೂ ಇಲ್ಲದ ದಿನ ನೋಡಿ. ಗಂಡ, ಮಕ್ಕಳನ್ನು ಬಿಟ್ಟು ಒಬ್ಬರೇ ಹೋಗಿ. ಹೋಗುವ ಮೊದಲೇ ‘ಸಹಿ ವಿಷಯಕ್ಕೆ ಬರುತ್ತಿಲ್ಲ, ಅದನ್ನು ಬೇರೆ ಮಾತಾಡೋಣ, ನಾಲ್ಕು ದಿನ ಅಮ್ಮನ ಜೊತೆ ಇರಬೇಕು ಅನಿಸಿತು’ ಅಂತ ತಿಳಿಸಿ. ಇಲ್ಲದಿದ್ದರೆ ನೀವು ಬಂದದ್ದು ಯಾಕೆ ಅಂತ ಅವರು ನಾಲ್ಕು ದಿನವೂ ಯೋಚಿಸುತ್ತಾ ಕೂರುತ್ತಾರೆ. ಆ ದಿನಗಳಲ್ಲಿ ಅತ್ತಿಗೆಗೆ ‘ನೀವು ನಿಮ್ಮ ತವರಿಗೆ ಹೋಗಿ ಬನ್ನಿ, ಅಡುಗೆ ಮನೆ, ಅಮ್ಮನ ಮಾತ್ರೆ ನಾನು ನೋಡಿಕೊಳ್ಳುತ್ತೇನೆ’ ಅನ್ನಿ. ಮಾತ್ರೆ ಯಾವ ಹೊತ್ತಿಗೆ ಯಾವುದು, ಅಮ್ಮ ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವ ಊಟ ಬೇಡ ಅಂತಾರೆ, ಎಲ್ಲವೂ ನಿಮಗೆ ಗೊತ್ತಾಗುತ್ತದೆ. ಅಣ್ಣ ತೋಟಕ್ಕೆ ಹೊರಟಾಗ ಜೊತೆಗೆ ಹೋಗಿ. ಎಲೆಚುಕ್ಕೆ ಯಾವ ಮರಕ್ಕೆ ಬಂದಿದೆ ತೋರಿಸು ಅನ್ನಿ. ಅವನಿಗೆ ಚೆನ್ನಾಗಿ ಗೊತ್ತಿರುವ ವಿಷಯ ಕೇಳಿದರೆ ಮಾತು ತಾನಾಗಿ ಬರುತ್ತದೆ. ಚಿಕ್ಕಂದಿನ ಅಣ್ಣನನ್ನು ಹುಡುಕಬೇಡಿ. 50 ವರ್ಷದ ಈ ಗಂಡಸು ಏನು ಯೋಚಿಸುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಅಂತ ನಿಮಗೆ ನಿಜವಾಗಿ ಗೊತ್ತಿಲ್ಲ. ಅವನಿಗೂ ನಿಮ್ಮ ಬಗ್ಗೆ ಗೊತ್ತಿಲ್ಲ.

ಅತ್ತಿಗೆ ಒಪ್ಪದೆ ಇರಬಹುದು. ‘ಈಗೇನು ಹೊಸದಾಗಿ ಪ್ರೀತಿ’ ಅಂತ ಅನಿಸಬಹುದು. ಒಂದು ಸಲಕ್ಕೆ ಬದಲಾವಣೆ ಬರುವುದಿಲ್ಲ. ಮೂರು ನಾಲ್ಕು ಸಲ ಹೋಗಿ ಬಂದ ಮೇಲೂ ಅಣ್ಣ ಹೂಂ, ಹಾಂ ಅಂತಲೇ ಇದ್ದರೆ ಆಗ ಒಂದೇ ಒಂದು ಮಾತು ಹೇಳಿ: ‘ನೀನು ಓದು ಬಿಟ್ಟದ್ದರಿಂದ ನಾವು ಓದಿದೆವು. ಅದನ್ನು ಯಾವತ್ತೂ ನಿನಗೆ ಹೇಳಿಲ್ಲ.’ ನಿಮಗೆ ಹಾಗೆ ಅನಿಸಿದ್ದರೆ ಮಾತ್ರ. ನಿಮ್ಮ ನೋವಿನ ಪಟ್ಟಿಯನ್ನು ಅದೇ ಉಸಿರಿನಲ್ಲಿ ಹೇಳಬೇಡಿ.

ತಂಗಿಯ ವಿಷಯದಲ್ಲಿ ಕೆಲಸ ಇನ್ನೂ ಸುಲಭ ಅನಿಸುತ್ತದೆ. ನಿಮ್ಮ ಬೆಳಿಗ್ಗೆ ಅವಳ ಹಿಂದಿನ ಸಂಜೆ. ಇಬ್ಬರಿಗೂ ಬಿಡುವು ಸಿಗುವ ಹೊತ್ತು ಕಡಿಮೆ. ಫೋನ್ ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವ ಬದಲು ವಾಯ್ಸ್ ಮೆಸೇಜ್ ಕಳಿಸಿ. ಅಮ್ಮನ ಜೊತೆ ಇರುವಾಗ ಅಮ್ಮ ಏನೋ ಗೊಣಗುವುದನ್ನೇ ರೆಕಾರ್ಡ್ ಮಾಡಿ ಕಳಿಸಿ. ಹೊರದೇಶದಲ್ಲಿರುವವರಿಗೆ ಅಮ್ಮನ ಹತ್ತಿರ ಇಲ್ಲವಲ್ಲ ಎಂಬ ಅಪರಾಧಿ ಭಾವ ಕಾಡುತ್ತಿರುತ್ತದೆ. ಅದಕ್ಕೇ ಕೆಲವರು ಫೋನನ್ನೇ ತಪ್ಪಿಸುತ್ತಾರೆ. ಅವಳಿಗೂ ಒಂದು ಜವಾಬ್ದಾರಿ ಕೊಡಿ. ಅಮ್ಮನ ಆಸ್ಪತ್ರೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದೆಡೆ ಇಡುವ ಕೆಲಸ ಅವಳಿಂದ ಆಗುತ್ತದೆ.

ಏನೂ ಮಾಡದೆ ಹೀಗೇ ಇರುವುದೂ ಒಂದು ಆಯ್ಕೆಯೇ. ಎಷ್ಟೋ ಅಣ್ಣತಂಗಿಯರು ವರ್ಷಕ್ಕೊಮ್ಮೆ ಭೇಟಿಯಾಗಿ, ಕಷ್ಟಕಾಲಕ್ಕೆ ಓಡಿಬರುತ್ತಾರೆ. ಅದು ಕೆಟ್ಟ ಸಂಬಂಧ ಅಲ್ಲ. ನಿಮ್ಮ ಮನೆಯಲ್ಲಿ ಅದರ ಅಪಾಯ ಒಂದೇ: ಅಮ್ಮ ಐಸಿಯುನಲ್ಲಿ ಇದ್ದಾಗ, ವೆಂಟಿಲೇಟರ್ ಹಾಕಬೇಕಾ ಬೇಡವಾ ಅಂತ ಡಾಕ್ಟರು ಕೇಳಿದಾಗ, ಮಾತಾಡುವ ಅಭ್ಯಾಸವೇ ಇಲ್ಲದ ಮೂವರು ಅಲ್ಲೇ ನಿರ್ಧಾರ ಮಾಡಬೇಕಾಗುತ್ತದೆ. ಮನೆಗಳು ಒಡೆಯುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಆಸ್ಪತ್ರೆಯ ಕಾರಿಡಾರಿನಲ್ಲಿ. ಅಮ್ಮ ಗಟ್ಟಿಯಾಗಿರುವಾಗಲೇ ಅವರಿಗೆ ಏನು ಬೇಕು ಅಂತ ಮೂವರೂ ಸೇರಿ ಕೇಳಿಕೊಳ್ಳಿ.

ಇಷ್ಟೆಲ್ಲ ಹೇಳಿದ್ದು ನಿಮ್ಮಂತೆ ಸುಮ್ಮನೆ ದೂರವಾದವರಿಗೆ. ಹೊಡೆತ, ಮೋಸ, ದೌರ್ಜನ್ಯ ನಡೆದ ಮನೆಗಳಿಗೆ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ದೂರ ಇರುವುದೇ ಸರಿ ಇರಬಹುದು. ಮತ್ತೆ, ಈ ಯೋಚನೆಯಲ್ಲಿ ನಿಮಗೆ ನಿದ್ದೆ ಬರುತ್ತಿಲ್ಲ, ಶಾಲೆಯ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಅಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಿಮ್ಮ ಮಕ್ಕಳ ಬಗ್ಗೆ. ಅವರಿಬ್ಬರ ನಡುವೆ ನೀವು ಅಂಚೆಯವರಾಗಬೇಡಿ. ‘ಅಕ್ಕನಿಗೆ ಹೇಳಮ್ಮಾ’ ಅಂತ ಮಗ ಅಂದರೆ ‘ನೀನೇ ಫೋನ್ ಮಾಡು’ ಅನ್ನಿ. ಹಾಸ್ಟೆಲಿಗೋ ಕೆಲಸಕ್ಕೋ ಬೇರೆ ಊರಿಗೆ ಹೋದ ಮೇಲೆ ಇಬ್ಬರೂ ನಿಮ್ಮನ್ನು ಬಿಟ್ಟು ತಾವೇ ಭೇಟಿಯಾಗಲಿ, ಆ ಬಸ್ ಚಾರ್ಜು ನೀವು ಕೊಡಿ. ನೆಂಟರ ಹುಟ್ಟುಹಬ್ಬ ನೆನಪಿಡುವ ಕೆಲಸವನ್ನು ಮಗಳಿಗೊಬ್ಬಳಿಗೇ ಬಿಡದೆ ಮಗನಿಗೂ ಹಚ್ಚಿ. ಇಬ್ಬರಲ್ಲಿ ಯಾರಿಗಾದರೂ ಓದಿಗೋ ಮದುವೆಗೋ ಜಾಸ್ತಿ ಖರ್ಚು ಮಾಡಬೇಕಾಗಿ ಬಂದರೆ ಯಾಕೆ ಅಂತ ಇನ್ನೊಬ್ಬರಿಗೆ ಆಗಲೇ ಹೇಳಿ. ನಿಮ್ಮ ಪಾಲಿನ ಆಸ್ತಿಯ ವಿಲ್ ಬರೆಯುವಾಗಲೂ ಇಬ್ಬರನ್ನೂ ಕೂರಿಸಿಕೊಂಡು ಓದಿ ಹೇಳಿ.